ಕಲಬುರಗಿಯ ಒಂದು ಹೆರಿಗೆ ಆಸ್ಪತ್ರೆ: ರೂಮು, ಎಸಿ ಬಿಟ್ಟು ನಾನು ನೋಡಿದ್ದು

ಹೋದ ತಿಂಗಳು ನನ್ನ ತಂಗಿಯ ಮೊದಲ ಹೆರಿಗೆ ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಿತು. ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ. ಒಳ್ಳೆಯದರ ಜೊತೆಗೆ ತಪ್ಪನ್ನೂ ಬರೆಯುತ್ತಿದ್ದೇನೆ, ಅದಕ್ಕೆ. ಕಲಬುರಗಿ ಇರಲಿ, ಬೀದರ್ ಇರಲಿ, ಯಾದಗಿರಿ ಇರಲಿ, ನೀವು ಹೋಗುವ ಆಸ್ಪತ್ರೆಯಲ್ಲಿ ಇದನ್ನೆಲ್ಲ ಕೇಳಿ ನೋಡಿ ಅಂತ ಹೇಳುವುದಕ್ಕೇ ಈ ರಿವ್ಯೂ. ಉದ್ದ ಆಗಿದೆ. ಮನೆಯಲ್ಲಿ ಬಸುರಿ ಇದ್ದರೆ ದಯವಿಟ್ಟು ಪೂರ್ತಿ ಓದಿ.

ಮೊದಲು ನಾನು ಯಾಕೆ ಇಷ್ಟು ತಲೆ ಕೆಡಿಸಿಕೊಂಡೆ ಅಂತ ಹೇಳಬೇಕು. ನನ್ನ ಮಗನಿಗೆ ಈಗ ಏಳು ವರ್ಷ. ಅವನು ಹುಟ್ಟಿದಾಗ ಅಳಲಿಲ್ಲ. ಅದು ಒಂದು ತಾಲೂಕು ಊರಿನ ಸಣ್ಣ ನರ್ಸಿಂಗ್ ಹೋಮ್. ಹೆರಿಗೆ ಬ್ಯಾನಿ ಶುರುವಾಗಿ ಹನ್ನೆರಡು ತಾಸು ಆಗಿತ್ತು. "ಜಲ್ದಿ ಆಗಲಿ" ಅಂತ ತೊಡೆಗೆ ಒಂದು ಇಂಜೆಕ್ಷನ್ ಕೊಟ್ಟರು, ತಾಸಿನ ಮೇಲೆ ಇನ್ನೊಂದು ಕೊಟ್ಟರು. ಆಮೇಲೆ ಬ್ಯಾನಿ ಒಂದರ ಮೇಲೊಂದು ಬರತೊಡಗಿತು, ನಡುವೆ ಉಸಿರು ಬಿಡುವಷ್ಟೂ ಪುರಸೊತ್ತು ಇರಲಿಲ್ಲ. ಕೊನೆಗೆ ಒಬ್ಬರು ಮಂಚದ ಮೇಲೆ ಹತ್ತಿ ಹೊಟ್ಟೆ ಒತ್ತಿದರು. ಕೂಸು ಬಂತು, ನೀಲಿ ಬಣ್ಣ, ಹಿಂಡಿದ ಬಟ್ಟೆಯ ಹಾಗೆ ಜೋತು ಬಿದ್ದಿತ್ತು. ಕಾಲು ಹಿಡಿದು ತಲೆಕೆಳಗೆ ಮಾಡಿ ಬೆನ್ನಿಗೆ ಹೊಡೆದರು, ತಣ್ಣೀರು ಚಿಮುಕಿಸಿದರು. ಬಾಯಿಗೆ ಮಾಸ್ಕ್ ಹಿಡಿದು ಗಾಳಿ ಕೊಡುವವರು ಯಾರೂ ಅಲ್ಲಿರಲಿಲ್ಲ. ಕಾರು ಮಾಡಿಕೊಂಡು ಕಲಬುರಗಿಗೆ ಬಂದು ಹಸುಗೂಸುಗಳ ಐಸಿಯುಗೆ (ಎನ್‌ಐಸಿಯು) ಸೇರಿಸುವಷ್ಟರಲ್ಲಿ ಎರಡು ತಾಸು ಹೋಗಿತ್ತು. ಮಗ ಉಳಿದ. ಮೂರೂವರೆ ವರ್ಷಕ್ಕೆ ನಡೆದ. ಈಗಲೂ ವಾರಕ್ಕೆ ಎರಡು ದಿನ ಫಿಸಿಯೋಥೆರಪಿಗೆ ಕರೆದುಕೊಂಡು ಹೋಗುತ್ತೇನೆ. ನಕ್ಕರೆ ಮನೆಯೆಲ್ಲ ಬೆಳಕಾಗುತ್ತದೆ.

ಆ ಹನ್ನೆರಡು ತಾಸಿನಲ್ಲಿ ಕೂಸಿನ ಎದೆಬಡಿತ ಎಷ್ಟು ಸಲ ಕೇಳಿದರು ಅಂತ ಕೇಳಿದರೆ, ನನಗೆ ನೆನಪಿರುವುದು ಎರಡೇ ಸಲ. ಸೇರಿಸಿಕೊಳ್ಳುವಾಗ ಒಮ್ಮೆ, ಮತ್ತೆ ಒಮ್ಮೆ.

ಹಾಗಾಗಿ ತಂಗಿ ಬಸುರಿ ಅಂತ ಗೊತ್ತಾದ ದಿನವೇ ನಾನು ಅವ್ವನಿಗೆ ಹೇಳಿಬಿಟ್ಟೆ, ಈ ಸಲ ಆಸ್ಪತ್ರೆ ನಾನು ನೋಡುತ್ತೇನೆ ಅಂತ. ಕುಬಸದ ಹಿಂದಿನ ವಾರ ತಂಗಿಯನ್ನು ಕರೆದುಕೊಂಡು ಆಸ್ಪತ್ರೆಗಳನ್ನು ಸುತ್ತಿದೆ. ಎಲ್ಲ ಕಡೆ ಮೊದಲು ತೋರಿಸುವುದು ರೂಮು. ಎಸಿ, ಟಿವಿ, ಸೋಫಾ, ಬಾಣಂತಿಗೆ ಬಿಸಿನೀರು. ನಮ್ಮ ಕಡೆ ಬಿಸಿಲಿಗೆ ಎಸಿ ಬೇಕು, ಬೇಡ ಅನ್ನುವುದಿಲ್ಲ. ಆದರೆ ನಾನು ಕೇಳಿದ್ದೇ ಬೇರೆ. ಬ್ಯಾನಿ ಇದ್ದಾಗ ಕೂಸಿನ ಎದೆಬಡಿತ ಎಷ್ಟು ಹೊತ್ತಿಗೊಮ್ಮೆ ಕೇಳುತ್ತೀರಿ, ಎಲ್ಲಿ ಬರೆಯುತ್ತೀರಿ? ರಾತ್ರಿ ಎರಡಕ್ಕೆ ಸಿಸೇರಿಯನ್ ಬೇಕಾದರೆ ಎಷ್ಟು ನಿಮಿಷ? ಕೂಸು ಅಳದಿದ್ದರೆ ಮೊದಲ ನಿಮಿಷದಲ್ಲಿ ಯಾರು ಏನು ಮಾಡುತ್ತಾರೆ? ಒಂದು ಕಡೆ ರಿಸೆಪ್ಷನ್‌ನವರು ಮುಖ ಮುಖ ನೋಡಿಕೊಂಡರು. ಇನ್ನೊಂದು ಕಡೆ "ಅದೆಲ್ಲಾ ಡಾಕ್ಟರ್ ನೋಡ್ಕೊಂತಾರ್ರೀ, ನೀವ್ ಯಾಕ ಟೆನ್ಶನ್ ತಗೋತೀರಿ" ಅಂದರು. ಈ ಆಸ್ಪತ್ರೆಯಲ್ಲೂ ರಿಸೆಪ್ಷನ್ ಅಷ್ಟೇ, ಪ್ಯಾಕೇಜಿನ ಕಾಗದ ಕೊಟ್ಟು ಕೂರಿಸಿದರು. ಆದರೆ ಲೇಬರ್ ರೂಮಿನ ಹಿರಿಯ ಸಿಸ್ಟರ್ ಒಬ್ಬರು ಹೊರಗೆ ಬಂದು ಐದು ನಿಮಿಷ ನಿಂತು ಉತ್ತರ ಕೊಟ್ಟರು. ಮೊದಮೊದಲು ಅರ್ಧ ತಾಸಿಗೊಮ್ಮೆ ಕೇಳುತ್ತೇವೆ, ಕೂಸು ಹೊರಗೆ ಬರುವ ಹೊತ್ತಿಗೆ ಐದು ನಿಮಿಷಕ್ಕೊಮ್ಮೆ ಅಂದರು. ಪಾರ್ಟೋಗ್ರಾಫ್ ಹಾಳೆಯೊಂದನ್ನು ತಂದು ತೋರಿಸಿದರು. ಅಲ್ಲೇ ನಾನು ತೀರ್ಮಾನ ಮಾಡಿದೆ.

ಆ ಹಾಳೆ ನೋಡದವರಿಗೆ ಹೇಳುತ್ತೇನೆ. ಒಂದೇ ಹಾಳೆಯಲ್ಲಿ ಕೂಸಿನ ಎದೆಬಡಿತ, ಗರ್ಭಚೀಲದ ಬಾಯಿ ಎಷ್ಟು ಸೆಂಟಿಮೀಟರ್ ತೆರೆದಿದೆ, ಹತ್ತು ನಿಮಿಷಕ್ಕೆ ಎಷ್ಟು ಬ್ಯಾನಿ, ನೀರಿನ ಬಣ್ಣ, ತಾಯಿಯ ಬಿಪಿ, ಎಲ್ಲ ಆಯಾ ಹೊತ್ತಿಗೆ ತುಂಬುತ್ತಾ ಹೋಗುತ್ತಾರೆ. ಹೆರಿಗೆ ಎಲ್ಲಿ ನಿಂತಿದೆ, ಎಲ್ಲಿ ಎಳೆಯುತ್ತಿದೆ ಅಂತ ಗೀಟು ನೋಡಿದರೇ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ (ಡಬ್ಲ್ಯುಎಚ್‌ಒ) 2020ರಲ್ಲಿ ಇದರ ಹೊಸ ನಮೂನೆಯನ್ನೂ ಕೊಟ್ಟಿದೆ. ಕಾಗದ ಇದ್ದರೆ ಸಾಲದು, ಆ ಹೊತ್ತಿಗೆ ಆಗಲೇ ತುಂಬಬೇಕು. ಹೆರಿಗೆ ಆದಮೇಲೆ ಕೂತು ತುಂಬುವುದೂ ಉಂಟಂತೆ, ಅದನ್ನೂ ಸಿಸ್ಟರೇ ಹೇಳಿದರು.

ತಂಗಿಯ ವಿಷಯಕ್ಕೆ ಬರುತ್ತೇನೆ. ಅವಳಿಗೆ 24 ವರ್ಷ, ಮೊದಲ ಹೆರಿಗೆ. ಏಳನೇ ತಿಂಗಳಲ್ಲಿ ಹಿಮೋಗ್ಲೋಬಿನ್ 8.9 ಇತ್ತು. ಬಸುರಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತ ಕಡಿಮೆ ಅಂತ, 7ಕ್ಕಿಂತ ಕೆಳಗೆ ಹೋದರೆ ತೀರಾ ಅಪಾಯ. ಕೂಸಿಗೆ ಆಕ್ಸಿಜನ್ ಹೊತ್ತುಕೊಂಡು ಹೋಗುವುದು ತಾಯಿಯ ರಕ್ತವೇ ಅಲ್ವಾ? ತಾಯಿಯಲ್ಲೇ ಕಡಿಮೆ ಇದ್ದರೆ ಹೆರಿಗೆಯ ಕಷ್ಟದ ಹೊತ್ತಿಗೆ ಕೂಸಿಗೆ ಎಲ್ಲಿಂದ ಸಿಗಬೇಕು? ಆಶಾ ಅಕ್ಕ ಮನೆಗೆ ಬಂದು ಕಬ್ಬಿಣದ ಮಾತ್ರೆ ಕೊಟ್ಟು ಹೋಗಿದ್ದರು, ಇವಳು ಹೊಟ್ಟೆ ತೊಳಸುತ್ತದೆ ಅಂತ ಡಬ್ಬಿಯಲ್ಲೇ ಇಟ್ಟಿದ್ದಳು. ಡಾಕ್ಟರ್ ಮೇಡಂ ಬೈಯಲಿಲ್ಲ. ಚಹಾದ ಜೊತೆ ಬೇಡ, ರಾತ್ರಿ ಮಲಗುವಾಗ ನಿಂಬೆ ಶರಬತ್ತಿನ ಜೊತೆ ತಗೋ ಅಂದರು. ಹೆರಿಗೆ ಹೊತ್ತಿಗೆ 10.8ಕ್ಕೆ ಬಂತು. ಪ್ರತಿ ಸಲವೂ ಬಿಪಿ ನೋಡಿದರು, ಸಕ್ಕರೆ ಪರೀಕ್ಷೆ ಮಾಡಿಸಿದರು, ಹೊಟ್ಟೆಯನ್ನು ಟೇಪಿನಲ್ಲಿ ಅಳೆದರು. ಯಾಕೆ ಅಂತ ಕೇಳಿದಾಗ ಸರಳವಾಗಿ ಹೇಳಿದರು. ಬಿಪಿ ಏರಿದರೆ ಹೊಟ್ಟೆಯೊಳಗೆ ಕೂಸನ್ನು ಪೋಷಿಸುವ ಮಾಸಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಕೂಸು ಬೆಳೆಯದೆ ಸಣ್ಣದಾಗುತ್ತದೆ, ಅಂಥ ಕೂಸಿಗೆ ಬ್ಯಾನಿ ತಡೆಯುವ ಶಕ್ತಿ ಕಡಿಮೆ. ಸಕ್ಕರೆ ಜಾಸ್ತಿ ಇದ್ದರೆ ಕೂಸು ದಪ್ಪಗಾಗಿ ಹೆರಿಗೆಯಲ್ಲಿ ಭುಜ ಸಿಕ್ಕಿಹಾಕಿಕೊಳ್ಳಬಹುದು. ಈ ಪಾಠ ಓಪಿಡಿಯಲ್ಲಿ, ಹೊರಗೆ ಮೂವತ್ತು ಜನ ಕಾಯುತ್ತಿರುವಾಗ ಹೇಳಿದ್ದು. ಅದಕ್ಕೆ ಪೂರ್ತಿ ಮಾರ್ಕು.

ಸರ್ಕಾರಿ ಪಿಎಚ್‌ಸಿಗಳಲ್ಲಿ ಪ್ರತಿ ತಿಂಗಳ 9ನೇ ತಾರೀಕು ಬಸುರಿಯರಿಗೆ ಪುಕ್ಕಟೆ ತಪಾಸಣೆ ಇದೆ, 2016ರಿಂದ ನಡೆಯುತ್ತಿದೆ. ನಾವು ತಾಯಿ ಕಾರ್ಡ್ ಅಲ್ಲೂ ತುಂಬಿಸಿದೆವು, ಇಲ್ಲೂ ತೋರಿಸಿದೆವು. ಖಾಸಗಿಗೆ ಹೋಗುತ್ತೇವೆ ಅಂತ ಕಾರ್ಡ್ ಬಿಡಬೇಡಿ.

ದಿನ ತುಂಬಿ ಐದು ದಿನ ದಾಟಿತ್ತು. ಅವತ್ತು ಮಧ್ಯಾಹ್ನ ಊಟ ಆದಮೇಲೆ ತಂಗಿ, "ಅಕ್ಕ, ಮುಂಜಾನಿಂದ ಕೂಸು ಯಾಕೋ ಜಾಸ್ತಿ ಮಿಸುಕವಲ್ದು" ಅಂದಳು. ಅವ್ವ, "ದಿನ ತುಂಬ್ಯಾವಲ್ಲ, ಜಾಗ ಇಲ್ಲದಕ್ಕ ಸುಮ್ನ ಇರ್ತದ" ಅಂದರು. ಇದು ಎಲ್ಲ ಮನೆಯಲ್ಲೂ ಹೇಳುವ ಮಾತು, ಆದರೆ ತಪ್ಪು. ಕೊನೆಯ ದಿನಗಳಲ್ಲಿ ಮಿಸುಕುವ ರೀತಿ ಸ್ವಲ್ಪ ಬದಲಾಗಬಹುದು, ಮಿಸುಕುವುದೇ ಕಡಿಮೆಯಾಗಬಾರದು. ಎಡ ಮಗ್ಗುಲಿಗೆ ಮಲಗಿಸಿ ಎಣಿಸಿದೆವು. ಎರಡು ತಾಸಿನಲ್ಲಿ ಹತ್ತು ಸಲ ಮಿಸುಕಬೇಕು, ಆರಕ್ಕೆ ನಿಂತಿತು. ಆಸ್ಪತ್ರೆಗೆ ಫೋನ್ ಮಾಡಿದೆ. "ನಾಳೆ ಓಪಿಡಿಗೆ ಬನ್ನಿ" ಅಂತಾರೇನೋ ಅಂದುಕೊಂಡಿದ್ದೆ. ಫೋನ್ ಎತ್ತಿದ ಸಿಸ್ಟರ್ ಒಂದೇ ಮಾತು ಹೇಳಿದರು, "ಈಗ್ಲೇ ಬರ್ರಿ, ಬ್ಯಾಗ್ ತಗೊಂಡೇ ಬರ್ರಿ." ಈ ಆಸ್ಪತ್ರೆಯ ಬಗ್ಗೆ ನನಗೆ ಜಾಸ್ತಿ ಗೌರವ ಬಂದದ್ದು ಈ ಫೋನಿನಿಂದ.

ಹೊರಗೆ ಕಾಲಿಟ್ಟರೆ ಸುಡುವ ಬಿಸಿಲು. ಹೋದ ಕೂಡಲೇ ಹೊಟ್ಟೆಗೆ ಬೆಲ್ಟ್ ಕಟ್ಟಿ ಇಪ್ಪತ್ತು ನಿಮಿಷ ಗ್ರಾಫ್ ತೆಗೆದರು. ಎದೆಬಡಿತ 140ರ ಆಸುಪಾಸು, ನಡುನಡುವೆ ಮೇಲೇರುತ್ತಿತ್ತು. 110ರಿಂದ 160ರ ಒಳಗೆ ಇದ್ದರೆ ಸರಿ. ಸದ್ಯಕ್ಕೆ ಕೂಸು ಚೆನ್ನಾಗಿದೆ, ಆದರೆ ಮನೆಗೆ ಕಳಿಸುವುದಿಲ್ಲ ಅಂದರು ಮೇಡಂ. ಸಂಜೆ ಆರಕ್ಕೆ ತಾನಾಗೇ ಬ್ಯಾನಿ ಶುರುವಾಯಿತು.

ಜೊತೆಗೆ ಒಬ್ಬರನ್ನು ಒಳಗೆ ಬಿಡುವ ವಿಷಯದಲ್ಲಿ ಜಗಳ ಆಯಿತು. ಮೊದಲು ಮಾತಾಡಿದಾಗ "ಬಿಡುತ್ತೇವೆ" ಅಂದಿದ್ದವರು ಅವತ್ತು ಸಂಜೆ "ರೂಲ್ಸ್ ಇಲ್ಲ" ಅಂದರು. ಹೆರಿಗೆ ಹೊತ್ತಲ್ಲಿ ಹೆಣ್ಣುಮಗಳ ಜೊತೆ ಅವಳಿಗೆ ಬೇಕಾದ ಒಬ್ಬರು ಇರಬೇಕು ಅಂತ ಡಬ್ಲ್ಯುಎಚ್‌ಒ ಹೇಳುತ್ತದೆ, ನಮ್ಮ ಕೇಂದ್ರ ಸರ್ಕಾರದ ಲಕ್ಷ್ಯ ಕಾರ್ಯಕ್ರಮವೂ 2017ರಿಂದ ಅದನ್ನೇ ಹೇಳುತ್ತಿದೆ. ನಾನು ದನಿ ಏರಿಸಲಿಲ್ಲ, ಬಾಗಿಲ ಹತ್ತಿರ ನಿಂತೇ ಇದ್ದೆ. ಮುಕ್ಕಾಲು ತಾಸು ಆದಮೇಲೆ ಹಿರಿಯ ಸಿಸ್ಟರ್ ಡ್ಯೂಟಿಗೆ ಬಂದು ಏಪ್ರನ್ ಕೊಟ್ಟು ಒಳಗೆ ಕರೆದರು. ಒಬ್ಬ ಸಿಸ್ಟರ್ ಇದ್ದಾಗ ಒಂದು ನಿಯಮ, ಇನ್ನೊಬ್ಬರು ಇದ್ದಾಗ ಇನ್ನೊಂದು, ಇದು ಸರಿ ಇಲ್ಲ. ಬರೆದು ಗೋಡೆಗೆ ಹಚ್ಚಬೇಕು.

ಒಳಗೆ ಹೋದಮೇಲೆ ನಾನು ಕಂಡ ಒಂದು ಸಣ್ಣ ವಿಷಯ ಹೇಳಲೇಬೇಕು. ಗೋಡೆ ಮೂಲೆಯಲ್ಲಿ ಕೂಸಿಗೆ ಬೆಚ್ಚಗಿಡುವ ವಾರ್ಮರ್, ಅದರ ಮೇಲೆ ಹಸಿರು ಬಟ್ಟೆ. ಸಿಸ್ಟರ್ ಡ್ಯೂಟಿ ತಗೊಂಡ ಕೂಡಲೇ ಅಲ್ಲಿಗೆ ಹೋದರು. ಉಸಿರಾಡದ ಕೂಸಿಗೆ ಗಾಳಿ ಕೊಡುವ ಆಂಬು ಬ್ಯಾಗ್ ಎತ್ತಿಕೊಂಡರು. ಒಂದು ದೊಡ್ಡ ಮೂಸಂಬಿಯಷ್ಟು ಇರುತ್ತದೆ, ಕೂಸಿನದ್ದು. ಅದರ ಮಾಸ್ಕನ್ನು ತಮ್ಮ ಅಂಗೈಗೆ ಗಟ್ಟಿಯಾಗಿ ಒತ್ತಿ ಹಿಡಿದು ಬ್ಯಾಗ್ ಅಮುಕಿದರು. ಬುಸ್ ಅಂತ ಮೇಲಿನ ವಾಲ್ವಿನಿಂದ ಗಾಳಿ ಬಂತು. ಮತ್ತೊಮ್ಮೆ ಅಮುಕಿದರು. ಗಾಳಿ ಬೇರೆಲ್ಲೂ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಮಾಸ್ಕ್ ಕೆಳಮುಖ ಇಡದೆ ಮೇಲ್ಮುಖ ಮಾಡಿ ಬಟ್ಟೆಯ ಮೇಲಿಟ್ಟರು. ಎರಡು ಒಣ ಟವೆಲ್ ವಾರ್ಮರಿನಡಿ ಬೆಚ್ಚಗಾಗಲು ಹಾಕಿದರು. ಯಾರೂ ಹೇಳಿರಲಿಲ್ಲ, ಯಾರೂ ನೋಡುತ್ತಿರಲಿಲ್ಲ. ಇಷ್ಟೊತ್ತಿಗೆ ಕೂಸಿಗೆ ಬೇಕಾಗುತ್ತದೋ ಇಲ್ಲವೋ ಗೊತ್ತಿಲ್ಲದೆಯೇ ಮಾಡಿದರು. ನನಗೆ ಅಳು ಬಂತು. ನನ್ನ ಮಗನಿಗೆ ಬೇಕಾಗಿದ್ದದ್ದು ಇದೇ, ಈ ಒಂದು ಬ್ಯಾಗು.

ನೂರು ಕೂಸುಗಳಲ್ಲಿ ಸುಮಾರು ಹತ್ತಕ್ಕೆ ಮೊದಲ ಉಸಿರಿಗೆ ಏನಾದರೂ ಸಹಾಯ ಬೇಕಾಗುತ್ತದೆ. ದೊಡ್ಡ ಚಿಕಿತ್ಸೆ ಬೇಕಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಉಳಿದವಕ್ಕೆಲ್ಲ ಒರೆಸುವುದು, ಬೆನ್ನು ತಿಕ್ಕುವುದು, ಕೆಲವಕ್ಕೆ ಬ್ಯಾಗಿನಿಂದ ಗಾಳಿ, ಇಷ್ಟೇ ಸಾಕು. ಹುಟ್ಟಿದ ಮೊದಲ ನಿಮಿಷದೊಳಗೆ ಆಗಬೇಕು, ಡಾಕ್ಟರುಗಳು ಗೋಲ್ಡನ್ ಮಿನಿಟ್ ಅನ್ನುತ್ತಾರೆ. ಸಿಸ್ಟರುಗಳಿಗೆ ಇದನ್ನು ಕಲಿಸುವುದಕ್ಕೇ ಸರ್ಕಾರ 2009ರಲ್ಲಿ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಶುರು ಮಾಡಿತು. ಹೊಡೆಯುವುದು, ತಲೆಕೆಳಗೆ ಹಿಡಿಯುವುದು, ನೀರು ಚಿಮುಕಿಸುವುದು ಯಾವುದೂ ಆ ಪಾಠದಲ್ಲಿಲ್ಲ.

ರಾತ್ರಿ ಎಲ್ಲ ಸಿಸ್ಟರ್ ಕೂಸಿನ ಎದೆಬಡಿತ ಕೇಳಿಸುವ ಡಾಪ್ಲರ್ ಹಿಡಿದು ಬರುತ್ತಿದ್ದರು. ಕುದುರೆ ಓಡಿದ ಹಾಗೆ ಸದ್ದು. 142, 138, 144. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈಯಲ್ಲಿ ಯಂತ್ರ, ಕಣ್ಣು ಗಡಿಯಾರದ ಮೇಲೆ. ಬ್ಯಾನಿ ಇಳಿದ ಮೇಲೆ ಪೂರ್ತಿ ಒಂದು ನಿಮಿಷ ಕೇಳುತ್ತಿದ್ದರು. ಬರೆಯುತ್ತಿದ್ದರು. ತಂಗಿಯನ್ನು ಅಂಗಾತ ಮಲಗಲು ಬಿಡಲಿಲ್ಲ, ಮಗ್ಗುಲಿಗೆ ಮಲಗು ಇಲ್ಲಾ ಎದ್ದು ಓಡಾಡು ಅನ್ನುತ್ತಿದ್ದರು. ಅಂಗಾತ ಮಲಗಿದರೆ ಹೊಟ್ಟೆಯ ಭಾರ ಬೆನ್ನ ಹತ್ತಿರದ ದೊಡ್ಡ ರಕ್ತನಾಳ ಒತ್ತುತ್ತದೆ, ಕೂಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ನಾನು ಹನ್ನೆರಡು ತಾಸೂ ಅಂಗಾತವೇ ಮಲಗಿದ್ದೆ.

ಹತ್ತೂವರೆಗೆ ಬ್ಯಾನಿ ಸಡಿಲಾಯಿತು. ಏಳು ಸೆಂಟಿಮೀಟರಿಗೆ ನಿಂತಿತ್ತು. ಮೇಡಂ ಬಂದು ನೋಡಿ ಸಲೈನಿನಲ್ಲಿ ಬ್ಯಾನಿ ಜೋರು ಮಾಡುವ ಔಷಧ ಆಕ್ಸಿಟೋಸಿನ್ ಹಾಕೋಣ ಅಂದರು. ನನ್ನ ಎದೆ ಧಸಕ್ ಅಂತು. ನಾನು ಕೇಳಿಯೇಬಿಟ್ಟೆ, ಮೇಡಂ ನನಗೂ ಇದೇ ಕೊಟ್ಟಿದ್ದರು, ನನ್ನ ಮಗ ಹೀಗಾದ ಅಂತ. ಅವರು ಸ್ಟೂಲ್ ಎಳೆದು ಕೂತು ಹೇಳಿದರು. ಬ್ಯಾನಿ ಬಂದಾಗ ಗರ್ಭಚೀಲ ಬಿಗಿಯಾಗುತ್ತದೆ, ಆಗ ಮಾಸಿಗೆ ರಕ್ತ ಹರಿಯುವುದು ಕಡಿಮೆಯಾಗುತ್ತದೆ, ಕೂಸು ನೀರಿನಲ್ಲಿ ಮುಳುಗಿ ಉಸಿರು ಬಿಗಿ ಹಿಡಿದ ಹಾಗೆ ಇರುತ್ತದೆ. ಬ್ಯಾನಿ ಇಳಿದಾಗ ಮತ್ತೆ ಉಸಿರಾಡಿಕೊಳ್ಳುತ್ತದೆ. ಆ ನಡುವಿನ ಬಿಡುವೇ ಅದಕ್ಕೆ ಜೀವ. ತೊಡೆಗೆ ಇಂಜೆಕ್ಷನ್ ಚುಚ್ಚಿದರೆ ಔಷಧ ಒಳಗೆ ಹೋಯಿತು, ವಾಪಸ್ ತೆಗೆಯಲು ಬರುವುದಿಲ್ಲ, ಬ್ಯಾನಿ ಮೇಲೆ ಬ್ಯಾನಿ ಬಂದು ಬಿಡುವೇ ಇಲ್ಲದಾಗುತ್ತದೆ. ಸಲೈನಿನಲ್ಲಿ ಹನಿ ಹನಿಯಾಗಿ ಕೊಟ್ಟರೆ ಬೇಡ ಅನ್ನಿಸಿದ ಕ್ಷಣ ನಿಲ್ಲಿಸಬಹುದು. ಕೂಸು ಹುಟ್ಟುವ ಮುಂಚೆ ತೊಡೆಗೆ ಇದನ್ನು ಕೊಡಲೇಬಾರದು. ಹುಟ್ಟಿದ ಮೇಲೆ ರಕ್ತಸ್ರಾವ ತಡೆಯಲು ಕೊಡುವುದೇ ಬೇರೆ, ಅದು ತಾಯಿಗೆ ಒಳ್ಳೆಯದು, ಎಲ್ಲರಿಗೂ ಕೊಡುತ್ತಾರೆ.

ಏಳು ವರ್ಷದಿಂದ ನನಗೆ ಯಾರೂ ಇದನ್ನು ಹೀಗೆ ಬಿಡಿಸಿ ಹೇಳಿರಲಿಲ್ಲ. "ಕೊರಳಿಗೆ ಹೊಕ್ಕುಳ ಬಳ್ಳಿ ಸುತ್ತಿತ್ತು" ಅಂತ ಆ ನರ್ಸಿಂಗ್ ಹೋಮಿನವರು ಹೇಳಿ ಕಳಿಸಿದ್ದರು. ಅತ್ತೆ ಗ್ರಹಣದ ದಿನ ನಾನು ಹೊರಗೆ ಬಂದದ್ದಕ್ಕೆ ಅಂದಿದ್ದರು. ನಾನು ಸರಿಯಾಗಿ ಜೋರು ಹಾಕಲಿಲ್ಲ ಅಂತಲೂ ಅಂದವರಿದ್ದಾರೆ. ಕೊರಳಿಗೆ ಬಳ್ಳಿ ಸುತ್ತಿಕೊಂಡು ಹುಟ್ಟುವ ಕೂಸುಗಳು ನಾಲ್ಕರಲ್ಲಿ ಒಂದು ಇರುತ್ತವೆ, ಹೆಚ್ಚಿನವಕ್ಕೆ ಏನೂ ಆಗುವುದಿಲ್ಲ. ಬಳ್ಳಿ ಕೂಸಿಗಿಂತ ಮೊದಲೇ ಕೆಳಗೆ ಜಾರಿ ಬಂದರೆ ಮಾತ್ರ ನಿಜವಾಗಲೂ ಓಡಬೇಕಾದ ಪರಿಸ್ಥಿತಿ. ನನ್ನ ಮಗನಿಗೆ ಏನಾಯಿತು ಅಂತ ಖಚಿತವಾಗಿ ಯಾರೂ ಹೇಳಲಾರರು. ಆದರೆ ಗ್ರಹಣ ಅಲ್ಲ, ನನ್ನ ತಪ್ಪೂ ಅಲ್ಲ. ಇದನ್ನು ಓದುತ್ತಿರುವ ತಾಯಂದಿರಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ, ನಿಮ್ಮದೂ ತಪ್ಪಲ್ಲ.

ಆ ಔಷಧ ಎಲ್ಲಿಡುತ್ತೀರಿ ಅಂತಲೂ ಕೇಳಿದೆ. ನಮ್ಮೂರ ಬಿಸಿಲಿಗೆ ಅದು ಹೊರಗಿದ್ದರೆ ಶಕ್ತಿ ಕಳೆದುಕೊಳ್ಳುತ್ತದೆ, 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಸಿಸ್ಟರ್ ಫ್ರಿಜ್ ಬಾಗಿಲು ತೆರೆದೇ ತೋರಿಸಿದರು, ಒಳಗೆ ಥರ್ಮಾಮೀಟರ್ ಇತ್ತು. ಆಮೇಲೆ ಹನಿ ಎಣಿಸಿ ಸಲೈನ್ ಬಿಟ್ಟರು. ಹತ್ತು ನಿಮಿಷಕ್ಕೆ ಐದಕ್ಕಿಂತ ಜಾಸ್ತಿ ಬ್ಯಾನಿ ಬಂದರೆ ನಿಲ್ಲಿಸುತ್ತೇವೆ ಅಂತ ನನಗೂ ಹೇಳಿದರು. ನಾನೂ ಹೊಟ್ಟೆಯ ಮೇಲೆ ಕೈಯಿಟ್ಟು ಎಣಿಸುತ್ತಾ ಕೂತೆ.

ಹನ್ನೆರಡೂ ಮುಕ್ಕಾಲಿಗೆ ನೀರು ಒಡೆಯಿತು. ಹಸಿರು. ಕೂಸು ಹೊಟ್ಟೆಯಲ್ಲೇ ಮೋಷನ್ ಮಾಡಿಕೊಂಡಿತ್ತು. ದಿನ ದಾಟಿದ ಕೂಸುಗಳಲ್ಲಿ ಇದು ಆಗುತ್ತದೆ, ಹಸಿರು ನೀರು ಬಂದ ಕೂಸುಗಳೆಲ್ಲ ತೊಂದರೆಯಲ್ಲಿ ಇರುವುದಿಲ್ಲ, ಆದರೆ ಅವುಗಳ ಮೇಲೆ ಕಣ್ಣಿಡಬೇಕು. ಸಿಸ್ಟರ್ ಮೇಡಂಗೆ ಫೋನ್ ಮಾಡಿದರು, ಮತ್ತೆ ಬೆಲ್ಟ್ ಕಟ್ಟಿದರು. ಒಂದೂ ಇಪ್ಪತ್ತಕ್ಕೆ ಬ್ಯಾನಿ ಇಳಿದ ಮೇಲೆ ಸದ್ದು ನಿಧಾನವಾಯಿತು. ಕುದುರೆ ದಣಿದ ಹಾಗೆ. 96. ಮೇಲೇರಲು ತಡ ಮಾಡಿತು. ಮುಂದಿನ ಬ್ಯಾನಿಗೂ ಹಾಗೆಯೇ, 90. ಸಿಸ್ಟರ್ ಯಾರನ್ನೂ ಕೇಳದೆ ಮೊದಲು ಸಲೈನಿನ ಆಕ್ಸಿಟೋಸಿನ್ ನಿಲ್ಲಿಸಿದರು, ತಂಗಿಯನ್ನು ಎಡಕ್ಕೆ ಹೊರಳಿಸಿದರು, ಬೇರೆ ಸಲೈನ್ ಜೋರಾಗಿ ಬಿಟ್ಟರು. ಮೇಡಂ ಮೇಲಿನ ಮಹಡಿಯಲ್ಲೇ ಇದ್ದರು, ಎರಡು ನಿಮಿಷಕ್ಕೆ ಬಂದರು. ಒಟಿ ರೆಡಿ ಮಾಡಿ, ಅರಿವಳಿಕೆ ಡಾಕ್ಟರಿಗೆ, ಮಕ್ಕಳ ಡಾಕ್ಟರಿಗೆ ಫೋನ್ ಮಾಡಿ ಅಂದರು. ಪರೀಕ್ಷೆ ಮಾಡಿದರೆ ಪೂರ್ತಿ ಹತ್ತು ಸೆಂಟಿಮೀಟರ್ ತೆರೆದಿತ್ತು, ತಲೆ ಕೆಳಗಿತ್ತು. ಕೂಸಿನ ತಲೆಗೆ ಕಪ್ ಅಂಟಿಸಿ ಎಳೆಯುವ ವ್ಯಾಕ್ಯೂಮ್ ಹಾಕಿದರೆ ಸಿಸೇರಿಯನ್‌ಗಿಂತ ಜಲ್ದಿ ಆಗುತ್ತದೆ ಅಂದರು. ಯಾರೂ ಹೊಟ್ಟೆ ಒತ್ತಲಿಲ್ಲ. "ಜೋರು ಹಾಕು, ನಿಲ್ಲಿಸು, ಉಸಿರು ತಗೋ" ಅಂತ ಮೇಡಂ ಹೇಳುತ್ತಾ ಹೋದರು. ಒಂದೂ ಮೂವತ್ತೆಂಟಕ್ಕೆ ಕೂಸು ಹೊರಗೆ.

ಅಳಲಿಲ್ಲ.

ನನಗೆ ಕಾಲ ಅಲ್ಲೇ ನಿಂತುಹೋಯಿತು. ಕೈಕಾಲು ಜೋತಿದ್ದವು. ಬಳ್ಳಿ ಕತ್ತರಿಸಿ ವಾರ್ಮರಿಗೆ ತಂದರು, ಬಿಸಿ ಟವೆಲಿನಲ್ಲಿ ಒರೆಸಿದರು, ಬೆನ್ನು ತಿಕ್ಕಿದರು, ಒದ್ದೆ ಟವೆಲ್ ತೆಗೆದು ಒಣಗಿದ್ದು ಹಾಕಿದರು. ಇನ್ನೂ ಇಲ್ಲ. ಸಿಸ್ಟರ್ ತಲೆಯನ್ನು ಸ್ವಲ್ಪ ಹಿಂದಕ್ಕೆ ಮಾಡಿ ಮಾಸ್ಕ್ ಇಟ್ಟು ಬ್ಯಾಗ್ ಅಮುಕಿದರು. ಬಾಯಲ್ಲಿ ಮೆಲ್ಲಗೆ ಎಣಿಸುತ್ತಿದ್ದರು, ಅಮುಕು, ಎರಡು, ಮೂರು, ಅಮುಕು, ಎರಡು, ಮೂರು. ಆ ಪುಟ್ಟ ಎದೆ ಮೇಲೇಳುವುದು ನನಗೆ ಕಂಡಿತು. ಹತ್ತೋ ಹದಿನೈದೋ ಸಲ ಆಗಿರಬೇಕು. ಮುಖ ಸಿಂಡರಿಸಿತು. ಆಮೇಲೆ ಅತ್ತಿತು, ಬೆಕ್ಕಿನ ಮರಿ ಹಾಗೆ ಮೊದಲು, ಆಮೇಲೆ ಜೋರಾಗಿ. ಗೋಡೆ ಗಡಿಯಾರದಲ್ಲಿ ಇನ್ನೂ ಒಂದೂ ಮೂವತ್ತೊಂಬತ್ತೇ ಆಗಿತ್ತು. ಹೆಣ್ಣು ಕೂಸು, ಎರಡು ಕೆಜಿ ಏಳುನೂರು. ಹುಟ್ಟಿದ ಕೂಸು ಹೇಗಿದೆ ಅಂತ ಹತ್ತಕ್ಕೆ ಕೊಡುವ ಎಪ್ಗಾರ್ ಅಂಕ ಒಂದನೇ ನಿಮಿಷಕ್ಕೆ 5, ಐದನೇ ನಿಮಿಷಕ್ಕೆ 9.

ಈಗ ಆಸ್ಪತ್ರೆಯ ದೊಡ್ಡ ತಪ್ಪು. ಅರಿವಳಿಕೆ ಡಾಕ್ಟರ್ ರಾತ್ರಿ ಆಸ್ಪತ್ರೆಯಲ್ಲಿ ಇರುವುದಿಲ್ಲ, ಹೊರಗಿನಿಂದ ಬರುತ್ತಾರೆ. ಫೋನ್ ಹೋದದ್ದು ಒಂದೂ ಇಪ್ಪತ್ತೈದಕ್ಕೆ, ಅವರು ಬಂದದ್ದು ಎರಡು ಗಂಟೆಗೆ. ಅಷ್ಟೊತ್ತಿಗೆ ಕೂಸು ಅತ್ತು ತಾಯಿಯ ಎದೆಯ ಮೇಲಿತ್ತು. ಅವತ್ತು ಪೂರ್ತಿ ತೆರೆದಿತ್ತು, ವ್ಯಾಕ್ಯೂಮ್ ಆಯಿತು. ಆರು ಸೆಂಟಿಮೀಟರ್ ಇದ್ದಾಗ ಎದೆಬಡಿತ ಹೀಗೆ ಬಿದ್ದಿದ್ದರೆ? ಸಿಸೇರಿಯನ್ ಒಂದೇ ದಾರಿ, ಮೂವತ್ತೈದು ನಿಮಿಷ ಅವರಿಗಾಗಿ ಕಾಯುವುದು, ಆಮೇಲೆ ಸೂಜಿ, ಆಮೇಲೆ ಆಪರೇಷನ್. ತುರ್ತು ಅಂತ ತೀರ್ಮಾನ ಮಾಡಿದ ಅರ್ಧ ತಾಸಿನೊಳಗೆ ಕೂಸು ಹೊರಗೆ ಬರಬೇಕು ಅನ್ನುವುದು ಡಾಕ್ಟರುಗಳೇ ಇಟ್ಟುಕೊಂಡಿರುವ ಅಳತೆ. ಮೊದಲು ನಾನು ಕೇಳಿದಾಗ ರಿಸೆಪ್ಷನ್‌ನಲ್ಲಿ "24 ಗಂಟೆ ಸಿಸೇರಿಯನ್ ಇದೆ" ಅಂದಿದ್ದರು. 24 ಗಂಟೆ ಇದೆ ಅನ್ನುವುದೂ ಎಷ್ಟು ನಿಮಿಷಕ್ಕೆ ಅನ್ನುವುದೂ ಒಂದೇ ಅಲ್ಲ. ನಾನು ಇನ್ನೂ ಬಿಡಿಸಿ ಕೇಳಬೇಕಿತ್ತು. ನೀವು ಕೇಳಿ: ಅರಿವಳಿಕೆ ಡಾಕ್ಟರ್ ರಾತ್ರಿ ಎಲ್ಲಿ ಮಲಗುತ್ತಾರೆ?

ಮೊದಲಿನ ಸಿಸೇರಿಯನ್ ಗಾಯ ಇರುವವರು, ಅವಳಿ ಇರುವವರು, ಕೂಸು ಅಡ್ಡ ಇಲ್ಲಾ ಕುಂಡಿ ಕೆಳಗೆ ಇರುವವರು, ಬಿಪಿ ಇರುವವರು, ಹಠಾತ್ತಾಗಿ ರಕ್ತ ಹೋದವರು, ಇವರಿಗೆಲ್ಲ ಈ ಪ್ರಶ್ನೆ ನಮಗಿಂತ ಜಾಸ್ತಿ ಮುಖ್ಯ. ನೀವು ಹಳ್ಳಿಯಿಂದ ಬರುವವರಾದರೆ ದಾರಿಯ ಒಂದು ತಾಸನ್ನೂ ಅದಕ್ಕೆ ಸೇರಿಸಿ ಲೆಕ್ಕ ಹಾಕಿ. ಚಿಂಚೋಳಿ ಕಡೆಯ ತಾಂಡಾದಿಂದ ರಾತ್ರಿ ಹೊರಟವರ ಗತಿ ಯೋಚಿಸಿ. ಅಂಥವರು ದಿನ ತುಂಬುವ ವಾರ ಊರಲ್ಲಿ ಸಂಬಂಧಿಕರ ಮನೆಗೆ ಬಂದಿರುವುದು ಒಳ್ಳೆಯದು. 108ರ ನಂಬರ್ ಎಲ್ಲರಿಗೂ ಗೊತ್ತು, ಆದರೂ ಗಾಡಿ ಇರುವ ಪಕ್ಕದ ಮನೆಯವರಿಗೂ ಮೊದಲೇ ಹೇಳಿಡಿ.

ಇನ್ನೊಂದು. ರಿಸೆಪ್ಷನ್ ಪಕ್ಕದ ಬೋರ್ಡಿನಲ್ಲಿ "ಕೂಲಿಂಗ್ ಥೆರಪಿ ಲಭ್ಯ" ಅಂತ ದೊಡ್ಡದಾಗಿ ಹಾಕಿದ್ದಾರೆ. ಅಂದರೆ ಆಕ್ಸಿಜನ್ ಕಡಿಮೆಯಾಗಿ ಮಿದುಳಿಗೆ ಪೆಟ್ಟು ಬಿದ್ದ ಕೂಸನ್ನು ಹುಟ್ಟಿದ ಆರು ತಾಸಿನೊಳಗೆ ಶುರು ಮಾಡಿ, 72 ತಾಸು 33-34 ಡಿಗ್ರಿಯಲ್ಲಿ ತಂಪಾಗಿ ಇಡುವುದು. ಶ್ರೀಮಂತ ದೇಶಗಳಲ್ಲಿ ಇದರಿಂದ ಉಪಯೋಗ ಆಗಿದೆ. ಆದರೆ ನಮ್ಮ ದೇಶ, ಶ್ರೀಲಂಕಾ, ಬಾಂಗ್ಲಾದೇಶದ ಆಸ್ಪತ್ರೆಗಳಲ್ಲಿ 408 ಕೂಸುಗಳ ಮೇಲೆ ನಡೆದ ಹೆಲಿಕ್ಸ್ ಅಧ್ಯಯನ 2021ರಲ್ಲಿ ಬಂತು, ಅದರಲ್ಲಿ ಉಪಯೋಗ ಕಾಣಲಿಲ್ಲ, ತಂಪು ಮಾಡಿದ ಗುಂಪಿನಲ್ಲಿ ಸಾವೇ ಜಾಸ್ತಿ ಇತ್ತು. ನನ್ನ ಮಗನ ಮಕ್ಕಳ ಡಾಕ್ಟರ್ ಇದನ್ನು ನನಗೆ ಕೂರಿಸಿ ವಿವರಿಸಿದ್ದರು. ಆ ಯಂತ್ರ ಬೇಡ ಅಂತ ನಾನು ಹೇಳುತ್ತಿಲ್ಲ, ಅದು ಡಾಕ್ಟರುಗಳ ತೀರ್ಮಾನ. ಬೋರ್ಡಿನಲ್ಲಿ ಅದರ ಬದಲು "ಅರ್ಧ ತಾಸಿಗೊಮ್ಮೆ ಎದೆಬಡಿತ ಕೇಳುತ್ತೇವೆ" ಅಂತ ಬರೆದಿದ್ದರೆ ನನಗೆ ಜಾಸ್ತಿ ಧೈರ್ಯ ಬರುತ್ತಿತ್ತು.

ಬಿಲ್ಲು: ಪ್ಯಾಕೇಜ್ 35,000 ಅಂದಿದ್ದರು, 46,800 ಆಯಿತು. ವ್ಯಾಕ್ಯೂಮ್, ಗ್ರಾಫ್, ಮಕ್ಕಳ ಡಾಕ್ಟರ್, ಒಂದು ದಿನ ಕೂಸನ್ನು ಎನ್‌ಐಸಿಯುನಲ್ಲಿ ನೋಡಿಕೊಂಡದ್ದು, ಎಲ್ಲ ಬೇರೆ. ಮೊದಲೇ ಹೇಳಬಹುದಿತ್ತು. ಅಷ್ಟು ದುಡ್ಡು ಇಲ್ಲದವರು ಹೆದರಬೇಡಿ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಗಾಡಿ ಎಲ್ಲ ಪುಕ್ಕಟೆ, ಹುಷಾರಿಲ್ಲದ ಕೂಸಿನ ಚಿಕಿತ್ಸೆಯೂ ಪುಕ್ಕಟೆ. ಕಲಬುರಗಿಯ ಜಿಮ್ಸ್, ಬೀದರ್‌ನ ಬ್ರಿಮ್ಸ್, ಯಾದಗಿರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ಎಲ್ಲಿ ಹೋದರೂ ಇದೇ ಪ್ರಶ್ನೆಗಳನ್ನು ಕೇಳಿ. ಕೇಳುವುದಕ್ಕೆ ದುಡ್ಡು ಬೇಕಿಲ್ಲ.

ರೂಮು ಚೊಕ್ಕ ಇತ್ತು. ಕ್ಯಾಂಟೀನ್ ಊಟ ಸಪ್ಪೆ, ಜೋಳದ ರೊಟ್ಟಿ ಮನೆಯಿಂದಲೇ ತಂದೆವು. ಲಿಫ್ಟ್ ಎರಡು ದಿನ ಕೆಟ್ಟಿತ್ತು. ಇವೆಲ್ಲ ನಡೆಯುತ್ತದೆ.

ಡಿಸ್ಚಾರ್ಜ್ ಕಾಗದದಲ್ಲಿ ಎಪ್ಗಾರ್ ಬರೆದಿರಲಿಲ್ಲ, ಬ್ಯಾಗ್ ಹಾಕಿದ್ದೂ ಇರಲಿಲ್ಲ. ಕೇಳಿದ ಮೇಲೆ ಸೇರಿಸಿದರು. ಕೂಸಿಗೆ ಮುಂದೆ ಯಾವಾಗಲಾದರೂ ಮಕ್ಕಳ ಡಾಕ್ಟರಿಗೆ ತೋರಿಸಿದಾಗ ಮೊದಲು ಕೇಳುವುದೇ ಅದು, ಹುಟ್ಟಿದ ಕೂಡಲೇ ಅತ್ತಿತ್ತಾ ಅಂತ. ಬರೆಸಿಕೊಂಡೇ ಬನ್ನಿ. ಪಾರ್ಟೋಗ್ರಾಫಿನ ಜೆರಾಕ್ಸ್ ಕೂಡ ಕೇಳಿದೆ, ಹಿರಿಯ ಸಿಸ್ಟರ್ ತಾವೇ ಹೋಗಿ ತಂದುಕೊಟ್ಟರು. ರಾತ್ರಿಯೆಲ್ಲ ಅವರು ಇಟ್ಟ ಚುಕ್ಕೆಗಳ ಸಾಲು ಅದರಲ್ಲಿದೆ, ಒಂದೂ ಇಪ್ಪತ್ತಕ್ಕೆ ಕೆಳಗಿಳಿದ ಚುಕ್ಕೆಯೂ ಇದೆ. ಮನೆಗೆ ತಂದು ಮಗನ ಫೈಲಿನ ಪಕ್ಕದಲ್ಲೇ ಇಟ್ಟಿದ್ದೇನೆ. ಅವನ ಫೈಲಿನಲ್ಲಿ ಇಂಥದ್ದೊಂದು ಹಾಳೆ ಇಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಕಡಿಮೆಯಾದ ಒಂದು ಸ್ಟಾರ್ ಆ ಮೂವತ್ತೈದು ನಿಮಿಷದ್ದು. ರಾತ್ರಿಗೂ ಅರಿವಳಿಕೆ ಡಾಕ್ಟರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದಾರೆ ಅಂತ ಗೊತ್ತಾದ ದಿನ ನಾನೇ ಬಂದು ಐದು ಮಾಡುತ್ತೇನೆ.